ಟೆಸ್ಟ್ ಹೇಳುವುದೆಷ್ಟು, ಔಷಧಿ ಹಿಡಿಸುವುದು ಯಾರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ರೋಗ ಪತ್ತೆ ಮಾಡುವ ಪರೀಕ್ಷೆಗಳ ಬಗ್ಗೆ, ಯಾವ ಚಿಕಿತ್ಸೆ ಯಾರಿಗೆ ಫಲ ಕೊಡುತ್ತದೆ ಎಂದು ಮೊದಲೇ ಹೇಳುವ ಸಂಶೋಧನೆಯ ಬಗ್ಗೆ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಆಮೇಲೆ. ಯಾರ ರಿಪೋರ್ಟನ್ನೂ ಇಲ್ಲಿ ಕೂತು ಓದಿ ಹೇಳಲಾಗದು. ಅದಕ್ಕೆ ನಿಮ್ಮನ್ನು ನೋಡಿದ ವೈದ್ಯರೇ ಬೇಕು.

## ಮೊದಲಿಗೆ

ರೋಗಪತ್ತೆಯ ಸಂಶೋಧನೆ ಅಂದ್ರೆ ಹೊಸ ಔಷಧಿ ಪ್ರಯೋಗ ಮಾಡೋದೇ ಅಲ್ವಾ?

ಅಲ್ಲ. ಔಷಧಿಯ ಪ್ರಯೋಗದಲ್ಲಿ "ಇದನ್ನು ಕೊಟ್ಟರೆ ಗುಣವಾಗುತ್ತದೆಯೇ?" ಎಂದು ಕೇಳುತ್ತಾರೆ. ರೋಗಪತ್ತೆಯ ಸಂಶೋಧನೆಯಲ್ಲಿ "ಈ ಟೆಸ್ಟ್ ಹೇಳಿದ್ದನ್ನು ನಂಬಬಹುದೇ?" ಎಂದು ಕೇಳುತ್ತಾರೆ. ಮೂರನೆಯದೂ ಒಂದಿದೆ: "ಈ ಔಷಧಿ ಈ ರೋಗಿಗೆ ಹಿಡಿಸುತ್ತದೆಯೇ ಎಂದು ಕೊಡುವ ಮೊದಲೇ ಹೇಳಬಹುದೇ?"

ಕೆಲವೊಮ್ಮೆ ಇವು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. 1998ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮಾಬ್ ಔಷಧಿಗೆ ಒಪ್ಪಿಗೆ ಕೊಟ್ಟಿತು. ಅದನ್ನು ಯಾರಿಗೆ ಕೊಡಬೇಕು ಎಂದು ತಿಳಿಸುವ ಟೆಸ್ಟಿಗೂ ಜೊತೆಯಲ್ಲೇ ಒಪ್ಪಿಗೆ ಸಿಕ್ಕಿತು. ಗಡ್ಡೆಯಲ್ಲಿ ಹರ್-2 ಎಂಬ ಪ್ರೋಟೀನ್ ಜಾಸ್ತಿ ಇದ್ದವರಿಗೆ ಮಾತ್ರ ಆ ಔಷಧಿ. ಸ್ತನ ಕ್ಯಾನ್ಸರ್ ಇರುವವರಲ್ಲಿ ಅಂಥವರು ಸುಮಾರು ಶೇ. 15ರಿಂದ 20. ಟೆಸ್ಟ್ ಮಾಡದೆ ಎಲ್ಲರಿಗೂ ಕೊಟ್ಟು ಸರಾಸರಿ ತೆಗೆದಿದ್ದರೆ ಆ ಔಷಧಿಯ ಗುಣ ಗುಂಪಿನಲ್ಲಿ ಮುಳುಗಿ ಹೋಗುತ್ತಿತ್ತೇನೋ.

ನನ್ನ ಟೆಸ್ಟ್ ಪಾಸಿಟಿವ್ ಬಂದಿದೆ. ಟೆಸ್ಟ್ 95 ಪರ್ಸೆಂಟ್ ಸರಿಯಂತೆ. ಹಾಗಾದ್ರೆ ನನಗೆ ರೋಗ ಇರೋ ಸಾಧ್ಯತೆ 95 ಪರ್ಸೆಂಟ್ ತಾನೇ?

ನನಗೆ ಅತಿ ಹೆಚ್ಚು ಸಲ ಬರುವ ಪ್ರಶ್ನೆ ಇದು. ಉತ್ತರ: ಇಲ್ಲ. ಎಷ್ಟೋ ಸಲ ಆ ಸಂಖ್ಯೆಯ ಹತ್ತಿರಕ್ಕೂ ಬರುವುದಿಲ್ಲ.

ಇಲ್ಲಿ ತಪ್ಪಿದರೆ ನಾಚಿಕೆ ಪಡಬೇಕಿಲ್ಲ. 1978ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ಆಸ್ಪತ್ರೆಗಳಲ್ಲಿ 60 ಮಂದಿ ವೈದ್ಯರು ಮತ್ತು ವಿದ್ಯಾರ್ಥಿಗಳಿಗೆ ಒಂದು ಲೆಕ್ಕ ಕೊಟ್ಟಿದ್ದರು. ಸಾವಿರದಲ್ಲಿ ಒಬ್ಬರಿಗೆ ಇರುವ ರೋಗ. ರೋಗ ಇಲ್ಲದವರಲ್ಲೂ ಶೇ. 5ರಷ್ಟು ಮಂದಿಗೆ ಪಾಸಿಟಿವ್ ತೋರಿಸುವ ಟೆಸ್ಟ್. ಪಾಸಿಟಿವ್ ಬಂದ ವ್ಯಕ್ತಿಗೆ ನಿಜವಾಗಿ ರೋಗ ಇರುವ ಸಾಧ್ಯತೆ ಎಷ್ಟು? ಅತಿ ಹೆಚ್ಚು ಜನ ಬರೆದ ಉತ್ತರ ಶೇ. 95. ಸರಿಯುತ್ತರ ಸುಮಾರು ಶೇ. 2. ಅದನ್ನು ಹೇಳಿದವರು 11 ಮಂದಿ ಮಾತ್ರ.

ಶೇಕಡಾವಾರು ಬಿಟ್ಟು ತಲೆ ಎಣಿಸಿ ನೋಡಿ, ಆಗ ಸುಲಭ. ಸಾವಿರ ಜನಕ್ಕೆ ಟೆಸ್ಟ್ ಮಾಡಿದಿರಿ. ರೋಗ ಇರುವವರು ಒಬ್ಬರು, ಅವರು ಸಿಕ್ಕಿಬಿದ್ದರು. ಉಳಿದ 999 ಮಂದಿಯಲ್ಲಿ ಶೇ. 5 ಅಂದರೆ ಸುಮಾರು 50 ಮಂದಿಗೆ ಸುಮ್ನೆ ಪಾಸಿಟಿವ್ ಬಂತು. ಒಟ್ಟು 51 ಪಾಸಿಟಿವ್, ಅದರಲ್ಲಿ ನಿಜವಾದದ್ದು ಒಂದು.

ಅದೇ ಟೆಸ್ಟನ್ನು ರೋಗದ ಲಕ್ಷಣ ಇಟ್ಟುಕೊಂಡೇ ಬಂದವರಿಗೆ ಮಾಡಿದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಅವರಲ್ಲಿ ಇಬ್ಬರಿಗೊಬ್ಬರಿಗೆ ರೋಗ ಇದೆ ಎಂದಿಟ್ಟುಕೊಳ್ಳಿ. ಆಗ 500 ನಿಜವಾದ ಪಾಸಿಟಿವ್, 25 ಸುಳ್ಳು. ಟೆಸ್ಟ್ ಅದೇ, ಯಂತ್ರ ಅದೇ. ಬದಲಾದದ್ದು ಯಾರನ್ನು ಪರೀಕ್ಷಿಸಿದರು ಎಂಬುದು. ವೈದ್ಯರು ಟೆಸ್ಟ್ ಬರೆಯುವ ಮೊದಲು ಅಷ್ಟೊಂದು ಪ್ರಶ್ನೆ ಕೇಳುವುದು ಇದಕ್ಕೇ.

ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಎಷ್ಟು ಸಲ ಓದಿದ್ರೂ ಅದಲು ಬದಲಾಗುತ್ತೆ. ಸುಲಭವಾಗಿ ಹೇಳ್ತೀರಾ?

ಸೆನ್ಸಿಟಿವಿಟಿಯನ್ನು ರೋಗ ಇರುವವರಲ್ಲಿ ಎಣಿಸುತ್ತಾರೆ: ಅವರಲ್ಲಿ ಎಷ್ಟು ಮಂದಿಯನ್ನು ಟೆಸ್ಟ್ ಹಿಡಿಯಿತು? ಸ್ಪೆಸಿಫಿಸಿಟಿಯನ್ನು ರೋಗ ಇಲ್ಲದವರಲ್ಲಿ ಎಣಿಸುತ್ತಾರೆ: ಅವರಲ್ಲಿ ಎಷ್ಟು ಮಂದಿಯನ್ನು ಸುಮ್ಮನೆ ಬಿಟ್ಟಿತು? ಇಷ್ಟೇ.

ಎರಡನ್ನೂ ಒಟ್ಟಿಗೆ ನೋಡಬೇಕು. ಬಂದವರಿಗೆಲ್ಲ "ಪಾಸಿಟಿವ್" ಎನ್ನುವ ಟೆಸ್ಟಿನ ಸೆನ್ಸಿಟಿವಿಟಿ ಶೇ. 100. ಅದರಿಂದ ಪ್ರಯೋಜನ ಸೊನ್ನೆ.

ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯೇ ಎಂದು ನೋಡುವ ಡಿ-ಡೈಮರ್ ಟೆಸ್ಟ್ ಒಳ್ಳೆಯ ಉದಾಹರಣೆ. ಅದರ ಸೆನ್ಸಿಟಿವಿಟಿ ಜಾಸ್ತಿ, ಸ್ಪೆಸಿಫಿಸಿಟಿ ಕಡಿಮೆ. ಅನುಮಾನ ಅಷ್ಟಾಗಿ ಇಲ್ಲದ ರೋಗಿಯಲ್ಲಿ ನೆಗೆಟಿವ್ ಬಂದರೆ ಹೆಪ್ಪಿಲ್ಲ ಎಂದು ನೆಮ್ಮದಿಯಿಂದ ಮನೆಗೆ ಕಳಿಸಬಹುದು. ಪಾಸಿಟಿವ್ ಬಂದರೆ ಮಾತ್ರ ಏನೂ ತೀರ್ಮಾನವಾಗುವುದಿಲ್ಲ. ಸೋಂಕು, ಗರ್ಭ, ಶಸ್ತ್ರಚಿಕಿತ್ಸೆ, ಬರೀ ವಯಸ್ಸಾಗಿರುವುದು ಕೂಡ ಅದನ್ನು ಏರಿಸುತ್ತವೆ. ಆಗ ಸ್ಕ್ಯಾನ್ ಬೇಕೇ ಬೇಕು.

ರಿಪೋರ್ಟ್‌ನಲ್ಲಿ ಒಂದು ಸಂಖ್ಯೆ ದಪ್ಪಕ್ಷರದಲ್ಲಿದೆ. ನಾರ್ಮಲ್‌ಗಿಂತ ಸ್ವಲ್ಪ ಜಾಸ್ತಿ. ಅಂದ್ರೆ ಕಾಯಿಲೆನಾ?

ಅಷ್ಟರಿಂದಲೇ ಹೇಳಲಾಗದು. ಬಹುಪಾಲು ಟೆಸ್ಟುಗಳಲ್ಲಿ "ನಾರ್ಮಲ್" ಎಂದರೆ ಆರೋಗ್ಯವಂತರಲ್ಲಿ ನಡುವಿನ ಶೇ. 95 ಮಂದಿಯ ಮಟ್ಟ. ಹಾಗಾಗಿ ಗಟ್ಟಿಮುಟ್ಟಾಗಿರುವವರಲ್ಲೇ ಶೇ. 5 ಮಂದಿ ಆ ಗೆರೆಯ ಆಚೆಗಿರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟ್ ಒಟ್ಟಿಗೆ ಮಾಡಿಸಿದರೆ, ಏನೂ ಇಲ್ಲದವರಿಗೂ ಒಂದಾದರೂ ಗೆರೆ ದಾಟುವ ಸಾಧ್ಯತೆ ಸುಮಾರು ಶೇ. 64. ಹೋದ ಸಲದ ಸಂಖ್ಯೆಗಿಂತ ಎಷ್ಟು ಬದಲಾಗಿದೆ ಎಂಬುದು ಹಲವು ಸಲ ಆ ದಪ್ಪಕ್ಷರಕ್ಕಿಂತ ಹೆಚ್ಚು ಹೇಳುತ್ತದೆ.

ಬೇಗ ಪತ್ತೆಯಾದಷ್ಟೂ ಒಳ್ಳೆಯದು ಅಲ್ವಾ? ಇದರಲ್ಲಿ ವಾದ ಮಾಡೋಕೆ ಏನಿದೆ?

ವಾದಕ್ಕೆ ಬೇಕಾದಷ್ಟಿದೆ. ಮೊದಲು, ಒಂದು ಕಣ್ಕಟ್ಟು. ಒಬ್ಬರಿಗೆ 67ರಲ್ಲಿ ಲಕ್ಷಣ ಕಂಡು ರೋಗ ಗೊತ್ತಾಯಿತು, 70ಕ್ಕೆ ತೀರಿಕೊಂಡರು. ಅದೇ ವ್ಯಕ್ತಿಗೆ 60ರಲ್ಲೇ ಟೆಸ್ಟ್ ಮಾಡಿ ಹಿಡಿದರು, ಆಗಲೂ 70ಕ್ಕೇ ತೀರಿಕೊಂಡರು. "ಪತ್ತೆಯಾದ ಮೇಲೆ ಬದುಕಿದ ವರ್ಷ" 3ರಿಂದ 10ಕ್ಕೆ ಏರಿತು. ಆಯಸ್ಸು ಒಂದು ದಿನವೂ ಏರಲಿಲ್ಲ. ರೋಗ ಗೊತ್ತಿದ್ದು ಬದುಕಿದ ಕಾಲ ಮಾತ್ರ ಉದ್ದವಾಯಿತು.

ಎರಡನೆಯದು, ಹುಡುಕದಿದ್ದರೆ ಎಂದೂ ತೊಂದರೆ ಕೊಡದಿದ್ದ ರೋಗವನ್ನು ಹುಡುಕಿ ತೆಗೆಯುವುದು. ದಕ್ಷಿಣ ಕೊರಿಯಾದಲ್ಲಿ ಕುತ್ತಿಗೆಯ ಅಲ್ಟ್ರಾಸೌಂಡ್ ಮಾಡಿಸುವುದು ರೂಢಿಯಾದ ಮೇಲೆ, 1993ಕ್ಕೆ ಹೋಲಿಸಿದರೆ 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 15 ಪಟ್ಟಾಯಿತು. ಅದರಿಂದ ಸಾಯುವವರ ಪ್ರಮಾಣ ಇದ್ದಲ್ಲೇ ಇತ್ತು. ಆದರೆ ಸಾವಿರಾರು ಜನ ಥೈರಾಯ್ಡ್ ಗ್ರಂಥಿಯನ್ನು ತೆಗೆಸಿಕೊಂಡಿದ್ದರು.

ಹಾಗಂತ ಸ್ಕ್ರೀನಿಂಗೇ (ಲಕ್ಷಣ ಇಲ್ಲದವರಲ್ಲೂ ರೋಗ ಹುಡುಕುವುದು) ಬೇಡವೆಂದಲ್ಲ. 2011ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ತುಂಬಾ ಸಿಗರೇಟು ಸೇದಿದ್ದ 53,454 ಜನರಿದ್ದರು. ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಶ್ವಾಸಕೋಶ ಕ್ಯಾನ್ಸರಿನ ಸಾವು, ಬರೀ ಎಕ್ಸ್‌-ರೇ ಮಾಡಿಸಿಕೊಂಡವರಿಗಿಂತ ಶೇ. 20ರಷ್ಟು ಕಡಿಮೆಯಾಯಿತು. ಅದೇ ಪ್ರಯೋಗದಲ್ಲಿ ಸ್ಕ್ಯಾನ್ "ಏನೋ ಇದೆ" ಎಂದಾಗ ಶೇ. 96ಕ್ಕೂ ಹೆಚ್ಚು ಸಲ ಅದು ಕ್ಯಾನ್ಸರ್ ಆಗಿರಲಿಲ್ಲ. ಲಾಭವೂ ನಿಜ, ಸುಳ್ಳು ಗಾಬರಿಯೂ ನಿಜ. ಎರಡನ್ನೂ ಒಟ್ಟಿಗೆ ಹೇಳದವರ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

## ಸಂಶೋಧನೆಯ ಒಳಗೆ

ಒಂದು ಹೊಸ ಟೆಸ್ಟ್ ಚೆನ್ನಾಗಿದೆ ಅಂತ ಹೇಗೆ ತೀರ್ಮಾನ ಮಾಡ್ತಾರೆ?

ಇರುವುದರಲ್ಲಿ ಅತಿ ನಂಬಿಕಸ್ಥ ಪರೀಕ್ಷೆಯ ಪಕ್ಕದಲ್ಲಿಟ್ಟು ನೋಡುತ್ತಾರೆ. ಬಯಾಪ್ಸಿ (ದೇಹದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು) ಆಗಬಹುದು, ವರ್ಷಗಟ್ಟಲೆ ಕಾದು ನೋಡುವುದೂ ಆಗಬಹುದು. ಹೇಳುವುದು ಸುಲಭ, ಮಾಡುವಾಗ ಜಾರುವ ಜಾಗಗಳು ಬಹಳ.

ಒಂದು, ಆ ರೋಗದ ಅನುಮಾನದಿಂದ ಬಂದ ರೋಗಿಗಳನ್ನು ಸಾಲಾಗಿ, ಆರಿಸದೆ ಸೇರಿಸಿಕೊಳ್ಳಬೇಕು. ಎರಡು, ಹೊಸ ಟೆಸ್ಟ್ ಓದುವವರಿಗೆ ಹಳೆಯದರ ಫಲಿತಾಂಶ ಗೊತ್ತಿರಬಾರದು. ಗೊತ್ತಿದ್ದರೆ ಮಸುಕು ನೆರಳೂ ಗಡ್ಡೆಯ ಹಾಗೆ ಕಾಣುತ್ತದೆ, ಅದು ಮನುಷ್ಯ ಸಹಜ. ಮೂರು, ಹೊಸ ಟೆಸ್ಟ್ ಪಾಸಿಟಿವ್ ಬಂದವರಿಗೆ ಮಾತ್ರ ಬಯಾಪ್ಸಿ ಮಾಡಿ ನೆಗೆಟಿವ್ ಬಂದವರನ್ನು ಹಾಗೇ ಕಳಿಸಿದರೆ, ತಪ್ಪಿಸಿಕೊಂಡ ರೋಗಗಳು ಲೆಕ್ಕಕ್ಕೇ ಬರುವುದಿಲ್ಲ. ಟೆಸ್ಟ್ ಸುಮ್ನೆ ಜಾಣನಾಗಿ ಕಾಣುತ್ತದೆ.

ಇಂಥ ಅಧ್ಯಯನದ ವರದಿಯಲ್ಲಿ ಏನೇನು ಮುಚ್ಚಿಡದೆ ಬರೆಯಬೇಕು ಎಂಬುದಕ್ಕೆ ಸ್ಟಾರ್ಡ್ ಎಂಬ ಪಟ್ಟಿಯಿದೆ. ಮೊದಲು ಬಂದದ್ದು 2003ರಲ್ಲಿ, ಪರಿಷ್ಕರಿಸಿದ್ದು 2015ರಲ್ಲಿ.

ಪೇಪರ್‌ನಲ್ಲಿ ನೂರಕ್ಕೆ ನೂರು ಅಂದ ಟೆಸ್ಟ್, ಆಸ್ಪತ್ರೆಗೆ ಬಂದಾಗ ಯಾಕೆ ಸಪ್ಪೆಯಾಗುತ್ತೆ?

ಬಹಳ ಸಲ ಮೊದಲ ಅಧ್ಯಯನದಲ್ಲಿ ಒಂದು ಕಡೆ ರೋಗ ಬಲಿತವರು, ಇನ್ನೊಂದು ಕಡೆ ಪೂರ್ತಿ ಆರೋಗ್ಯವಂತರು ಇರುತ್ತಾರೆ. ಅವರನ್ನು ಬೇರೆ ಮಾಡಲು ಟೆಸ್ಟೇ ಬೇಕಿಲ್ಲ, ಮುಖ ನೋಡಿದರೆ ಸಾಕು. ಕಷ್ಟ ಇರುವುದು ನಡುವಿನವರಲ್ಲಿ: ರೋಗ ಈಗಷ್ಟೇ ಶುರುವಾದವರು, ಅದೇ ಲಕ್ಷಣದ ಬೇರೆ ಕಾಯಿಲೆ ಇರುವವರು.

ಸಿಇಎ ಎಂಬ ರಕ್ತಪರೀಕ್ಷೆಯ ಕಥೆ ಹೀಗೇ ಆಯಿತು. 1969ರ ಮೊದಲ ವರದಿಯಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಇದ್ದ 36 ಮಂದಿಯಲ್ಲಿ 35 ಮಂದಿಗೆ ಪಾಸಿಟಿವ್ ಬಂದಿತ್ತು. ದೊಡ್ಡ ಆಸೆ ಹುಟ್ಟಿತು. ಆಮೇಲೆ ರೋಗದ ಮೊದಲ ಹಂತದಲ್ಲಿದ್ದವರಲ್ಲಿ ನೋಡಿದಾಗ ಬಹಳಷ್ಟು ಮಂದಿ ಕೈತಪ್ಪಿದರು. ಸಿಗರೇಟು ಸೇದುವವರಲ್ಲಿ, ಯಕೃತ್ತಿನ ತೊಂದರೆ ಇದ್ದವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರಿತು. 1978ರಲ್ಲಿ ರ್‍ಯಾನ್ಸಹಾಫ್ ಮತ್ತು ಫೈನ್‌ಸ್ಟೈನ್ ಈ ಪಾಠವನ್ನು ಬರೆದಿಟ್ಟರು. ಸಿಇಎ ಈಗಲೂ ಇದೆ, ಆದರೆ ಕೆಲಸ ಬೇರೆ: ಚಿಕಿತ್ಸೆಯಾದ ಮೇಲೆ ರೋಗ ಮರಳಿದೆಯೇ ಎಂದು ಗಮನಿಸುವುದು.

2002ರಲ್ಲಿ ಅಂಡಾಶಯ ಕ್ಯಾನ್ಸರಿಗೆ ಇನ್ನೂ ಭಾರಿ ಸುದ್ದಿ ಬಂತು. ಒಂದು ಹನಿ ರಕ್ತದ ಪ್ರೋಟೀನ್ ಚಿತ್ತಾರ ನೋಡಿ 50ಕ್ಕೆ 50 ರೋಗಿಗಳನ್ನೂ ಗುರುತಿಸಿದ್ದರು. ರೋಗವಿಲ್ಲದ 66 ಮಂದಿಯಲ್ಲಿ 63 ಸರಿ. ಸಂಖ್ಯಾಶಾಸ್ತ್ರಜ್ಞ ಕೀತ್ ಬ್ಯಾಗರ್ಲಿ ಮತ್ತು ಅವರ ಸಂಗಡಿಗರು ಮೂಲ ದತ್ತಾಂಶ ತೆರೆದು ನೋಡಿದರು. ಯಂತ್ರದ ಗದ್ದಲದಂತೆ ಕಾಣುವ ಭಾಗದಲ್ಲೇ ಎರಡು ಗುಂಪುಗಳು ಬೇರೆಯಾಗುತ್ತಿದ್ದವು. ವ್ಯತ್ಯಾಸ ರೋಗದ್ದಲ್ಲ, ರಕ್ತದ ಮಾದರಿಗಳನ್ನು ಯಂತ್ರದಲ್ಲಿ ಓದಿಸಿದ ರೀತಿಯದ್ದಿರಬೇಕು ಎಂಬ ಅನುಮಾನ ಬಲವಾಯಿತು. ಆ ಟೆಸ್ಟ್ ಕೊನೆಗೂ ರೋಗಿಗಳವರೆಗೆ ಬರಲಿಲ್ಲ.

ಬಯಾಪ್ಸಿನೇ ಕೊನೆಯ ಮಾತು ಅಲ್ವಾ?

ಹೆಚ್ಚಿನ ಸಲ ಹೌದು, ಎಲ್ಲ ಸಲ ಅಲ್ಲ. 2015ರ ಒಂದು ಅಧ್ಯಯನದಲ್ಲಿ ಬಯಾಪ್ಸಿ ಓದುವ ವೈದ್ಯರಾದ 115 ಪೆಥಾಲಜಿಸ್ಟರಿಗೆ ಸ್ತನದ ಬಯಾಪ್ಸಿ ಸ್ಲೈಡುಗಳನ್ನು ಕೊಟ್ಟರು. ಹರಡಲು ಶುರುವಾದ ಕ್ಯಾನ್ಸರಿನಲ್ಲಿ ಅವರ ಮಾತು ಪರಿಣತರ ಸಮಿತಿಯ ಮಾತಿಗೆ ಶೇ. 96ರಷ್ಟು ಹೊಂದಿತು. ಕ್ಯಾನ್ಸರೂ ಅಲ್ಲ, ಪೂರ್ತಿ ಮಾಮೂಲಿಯೂ ಅಲ್ಲ ಎನ್ನುವ ನಡುವಿನ ಬಗೆಯಲ್ಲಿ ಹೊಂದಿದ್ದು ಶೇ. 48 ಮಾತ್ರ. ಗಡಿಯ ಮೇಲಿನ ರಿಪೋರ್ಟ್ ಬಂದಾಗ ಇನ್ನೊಬ್ಬರ ಅಭಿಪ್ರಾಯ ಕೇಳುವುದರಲ್ಲಿ ಯಾರಿಗೂ ಅವಮಾನವಿಲ್ಲ.

## ಚಿಕಿತ್ಸೆ ಯಾರಿಗೆ ಹಿಡಿಸುತ್ತದೆ

ಒಂದೇ ಕಾಯಿಲೆ, ಒಂದೇ ಮಾತ್ರೆ. ಒಬ್ಬರಿಗೆ ವಾಸಿ, ಇನ್ನೊಬ್ಬರಿಗೆ ಇಲ್ಲ. ಯಾಕೆ?

ಕಾರಣ ನಾಲ್ಕೈದು ಕಡೆ ಇರಬಹುದು. ದೇಹ ಔಷಧಿಯನ್ನು ನಡೆಸಿಕೊಳ್ಳುವ ರೀತಿ ಬೇರೆ ಇರಬಹುದು. ಹೃದಯಾಘಾತದ ನಂತರ ಕೊಡುವ ಕ್ಲೋಪಿಡೋಗ್ರೆಲ್ ನುಂಗಿದಾಗ ಇನ್ನೂ ಮಲಗಿರುವ ಔಷಧಿ. ಯಕೃತ್ತಿನ ಕಿಣ್ವಗಳು ಅದನ್ನು ಎಬ್ಬಿಸಬೇಕು, ಅದರಲ್ಲಿ ಸಿಪ್2ಸಿ19 ಮುಖ್ಯ. ಕೆಲವರಲ್ಲಿ ಹುಟ್ಟಿನಿಂದಲೇ ಆ ಕಿಣ್ವ ಕೆಲಸ ಮಾಡುವುದಿಲ್ಲ. ಅವರಲ್ಲಿ ಮಾತ್ರೆಯ ಬಲ ಕುಗ್ಗುತ್ತದೆ ಎಂದು 2010ರಲ್ಲಿ ಎಫ್‌ಡಿಎ ಔಷಧಿಯ ಚೀಟಿಯಲ್ಲೇ ದೊಡ್ಡ ಎಚ್ಚರಿಕೆ ಹಾಕಿಸಿತು. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ, ಅದು ದೊಡ್ಡ ಅಪಾಯ.

ಕಾಯಿಲೆಯ ಹೆಸರು ಒಂದೇ ಇದ್ದು ಒಳಗೆ ಎರಡು ಮೂರು ಬೇರೆ ಕಾಯಿಲೆಗಳಿರಬಹುದು. ಜೊತೆಗೆ ತೆಗೆದುಕೊಳ್ಳುವ ಇನ್ನೊಂದು ಔಷಧಿ ಅಡ್ಡ ಬರಬಹುದು. ಎಲ್ಲಕ್ಕಿಂತ ಸಾಮಾನ್ಯವಾದ, ಯಾರೂ ಹೇಳಿಕೊಳ್ಳದ ಕಾರಣ ಒಂದಿದೆ: ಮಾತ್ರೆ ಸರಿಯಾಗಿ ತೆಗೆದುಕೊಂಡಿರುವುದಿಲ್ಲ. ಜೀನ್ ಹುಡುಕುವ ಮೊದಲು ಅದನ್ನು ಕೇಳಬೇಕು.

ಪ್ರೊಗ್ನಾಸ್ಟಿಕ್, ಪ್ರೆಡಿಕ್ಟಿವ್ ಎರಡೂ ಒಂದೇ ಅಲ್ವಾ? ಎರಡೂ ಮುಂದೇನಾಗುತ್ತೆ ಅಂತ ಹೇಳೋದೇ ತಾನೇ?

ಇಲ್ಲಿ ನಿಧಾನವಾಗಿ ಓದಿ. ಈ ಪುಟದಲ್ಲಿ ಒಂದೇ ಉತ್ತರ ನೆನಪಿಟ್ಟುಕೊಳ್ಳುತ್ತೀರಾದರೆ ಇದೇ ಇರಲಿ.

ಪ್ರೊಗ್ನಾಸ್ಟಿಕ್ ಗುರುತು ಎಂದರೆ ಯಾವ ಚಿಕಿತ್ಸೆ ಕೊಟ್ಟರೂ ಈ ರೋಗಿಯ ಗತಿ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವುದು. ಪ್ರೆಡಿಕ್ಟಿವ್ ಗುರುತು ಎಂದರೆ "ಅ" ಚಿಕಿತ್ಸೆಗಿಂತ "ಆ" ಚಿಕಿತ್ಸೆ ಈ ರೋಗಿಗೆ ಮೇಲು ಎಂದು ಹೇಳುವುದು. ಮೊದಲನೆಯದು ಭವಿಷ್ಯ ಹೇಳುತ್ತದೆ, ಎರಡನೆಯದು ದಾರಿ ತೋರಿಸುತ್ತದೆ.

2009ರಲ್ಲಿ ಪ್ರಕಟವಾದ ಐಪಾಸ್ ಪ್ರಯೋಗ ಇದಕ್ಕೆ ಕನ್ನಡಿ ಹಿಡಿದಂತಿದೆ. ಪೂರ್ವ ಏಷ್ಯಾದ 1,217 ಶ್ವಾಸಕೋಶ ಕ್ಯಾನ್ಸರ್ ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಜೆಫಿಟಿನಿಬ್ ಮಾತ್ರೆ, ಉಳಿದವರಿಗೆ ಕೀಮೋ. ಕೆಲವರ ಗಡ್ಡೆಯಲ್ಲಿ ಇಜಿಎಫ್‌ಆರ್ ಎಂಬ ಜೀನ್ ಬದಲಾಗಿದೆಯೇ ಎಂದೂ ನೋಡಿದರು. ಜೀನ್ ಬದಲಾಗಿದ್ದವರಲ್ಲಿ ಮಾತ್ರೆಗೆ ಗಡ್ಡೆ ಕುಗ್ಗಿದ್ದು ಶೇ. 71.2 ಮಂದಿಗೆ, ಕೀಮೋಗೆ ಶೇ. 47.3. ಜೀನ್ ಬದಲಾಗದವರಲ್ಲಿ ಲೆಕ್ಕ ಮಗುಚಿತು: ಮಾತ್ರೆಗೆ ಶೇ. 1.1, ಕೀಮೋಗೆ ಶೇ. 23.5.

ಈ ನಾಲ್ಕು ಸಂಖ್ಯೆಗಳನ್ನು ಸ್ವಲ್ಪ ಹೊತ್ತು ನೋಡಿ. ಮಾತ್ರೆ ತೆಗೆದುಕೊಂಡವರನ್ನು ಮಾತ್ರ ನೋಡಿದ್ದರೆ 71 ಮತ್ತು 1 ಕಾಣುತ್ತಿತ್ತು. ಕೀಮೋ ಗುಂಪನ್ನು ನೋಡಿ: ಅಲ್ಲೂ ಜೀನ್ ಬದಲಾದವರೇ ಮುಂದು, 47ಕ್ಕೆ 23. ಅಂದರೆ ಆ ಗುರುತು ಇದ್ದವರ ರೋಗ ಯಾವ ಚಿಕಿತ್ಸೆಗಾದರೂ ಸ್ವಲ್ಪ ಹೆಚ್ಚು ಬಗ್ಗುವಂಥದ್ದು. ಆದರೂ ಅವರಿಗೆ ಮಾತ್ರೆ ಮೇಲು, ಉಳಿದವರಿಗೆ ಕೀಮೋ ಮೇಲು ಎಂದು ಗೊತ್ತಾದದ್ದು ಹೋಲಿಸಲು ಎರಡನೇ ಗುಂಪು ಇದ್ದದ್ದರಿಂದ. ಎಲ್ಲರಿಗೂ ಒಂದೇ ಔಷಧಿ ಕೊಟ್ಟು "ಇಂಥ ಗುರುತು ಇದ್ದವರು ಚೆನ್ನಾಗಿ ಸ್ಪಂದಿಸಿದರು" ಎನ್ನುವ ಅಧ್ಯಯನಗಳು ಬಹಳ. ಅವರು ಔಷಧಿಯಿಂದ ಚೆನ್ನಾಗಾದರೋ, ಹೇಗಿದ್ದರೂ ಚೆನ್ನಾಗುವವರೋ? ಅಂಥ ಅಧ್ಯಯನದಿಂದ ಅದು ತಿಳಿಯುವುದಿಲ್ಲ.

ಮೊದಲೇ ಜೀನ್ ಟೆಸ್ಟ್ ಮಾಡಿ ಔಷಧಿ ಕೊಡೋದು ನಿಜವಾಗ್ಲೂ ಎಲ್ಲಾದ್ರೂ ಗೆದ್ದಿದೆಯಾ, ಇಲ್ಲ ಬರೀ ಮಾತಾ?

ಗೆದ್ದಿದೆ. ಎಚ್‌ಐವಿಗೆ ಕೊಡುವ ಅಬಾಕಾವಿರ್ ಕೆಲವರಿಗೆ ಜೀವಕ್ಕೇ ಕುತ್ತಾಗುವ ಅಲರ್ಜಿ ತರುತ್ತಿತ್ತು. ಅದರ ನಂಟು ಎಚ್‌ಎಲ್‌ಎ-ಬಿ*57:01 ಎಂಬ ಜೀನ್ ಬಗೆಗೆ. 19 ದೇಶಗಳ 1,956 ರೋಗಿಗಳ ಪ್ರಯೋಗ 2008ರಲ್ಲಿ ಬಂತು. ಮೊದಲೇ ಟೆಸ್ಟ್ ಮಾಡಿ ಆ ಜೀನ್ ಇದ್ದವರಿಗೆ ಔಷಧಿ ತಪ್ಪಿಸಿದ ಗುಂಪಿನಲ್ಲಿ, ಖಚಿತಪಟ್ಟ ಅಲರ್ಜಿ ಒಂದೂ ಇಲ್ಲ. ಟೆಸ್ಟ್ ಇಲ್ಲದ ಗುಂಪಿನಲ್ಲಿ ಶೇ. 2.7.

ಫಿಟ್ಸ್‌ಗೆ ಕೊಡುವ ಕಾರ್ಬಮಾಜೆಪೀನ್ ಇನ್ನೊಂದು. 2004ರಲ್ಲಿ ತೈವಾನಿನಲ್ಲಿ, ಈ ಔಷಧಿಯಿಂದ ಚರ್ಮ ಸುಲಿಯುವ ಭೀಕರ ಅಲರ್ಜಿ ಆದ 44 ಮಂದಿಯಲ್ಲಿ 44 ಮಂದಿಗೂ ಎಚ್‌ಎಲ್‌ಎ-ಬಿ*15:02 ಇತ್ತು. ಔಷಧಿ ಸರಿಹೋದವರಲ್ಲಿ ಶೇ. 3. ಆದರೆ ಯುರೋಪಿನ ಮೂಲದವರಲ್ಲಿ ಈ ಜೀನ್ ಬಗೆಯೇ ಅಪರೂಪ, ಹಾಗಾಗಿ ಅವರಲ್ಲಿ ಈ ಟೆಸ್ಟಿನಿಂದ ಅಷ್ಟು ಉಪಯೋಗವಿಲ್ಲ. ಒಂದು ಜನಾಂಗದಲ್ಲಿ ಗೆದ್ದ ಗುರುತನ್ನು ಕಣ್ಣು ಮುಚ್ಚಿ ಇನ್ನೊಂದಕ್ಕೆ ಒಯ್ಯುವಂತಿಲ್ಲ.

ಯಾವ ಚಿಕಿತ್ಸೆ ಬೇಡ ಎಂದು ಹೇಳುವ ಟೆಸ್ಟುಗಳೂ ಇವೆ. 2018ರ ಟೇಲರ್-ಎಕ್ಸ್ ಪ್ರಯೋಗಕ್ಕೆ ಸ್ತನ ಕ್ಯಾನ್ಸರಿನ 10,273 ಮಹಿಳೆಯರು ಸೇರಿದ್ದರು. ಗಡ್ಡೆಯ 21 ಜೀನ್ ನೋಡಿ ಅಂಕ ಹಾಕಿದರು. ನಡುವಿನ ಅಂಕದವರಲ್ಲಿ ಹಾರ್ಮೋನ್ ಮಾತ್ರೆ ಮಾತ್ರ ಪಡೆದವರೂ, ಜೊತೆಗೆ ಕೀಮೋ ಪಡೆದವರೂ ಹೆಚ್ಚುಕಮ್ಮಿ ಒಂದೇ ರೀತಿ ಇದ್ದರು. 50 ದಾಟದ ಕೆಲವರಿಗೆ ಮಾತ್ರ ಕೀಮೋದಿಂದ ಸ್ವಲ್ಪ ಲಾಭ ಕಂಡಿತು. ಕೂದಲು ಉದುರುವುದು, ವಾಂತಿ, ಸೋಂಕಿನ ಭಯ ಇಷ್ಟನ್ನೂ ಉಳಿದವರಿಗೆ ತಪ್ಪಿಸಬಹುದು ಎಂದಾಯಿತಲ್ಲ, ಅದು ಸಣ್ಣ ಮಾತಲ್ಲ.

ಸೋತದ್ದೂ ಇದೆ, ಅಥವಾ ಗೆದ್ದೆವೋ ಸೋತೆವೋ ಗೊತ್ತಾಗದ್ದು. ರಕ್ತ ತೆಳುಮಾಡುವ ವಾರ್ಫರಿನ್ ಪ್ರಮಾಣವನ್ನು ಜೀನ್ ನೋಡಿ ನಿರ್ಧರಿಸಬೇಕೇ? 2013ರಲ್ಲಿ ಎರಡು ಪ್ರಯೋಗ ಒಟ್ಟಿಗೆ ಬಂದವು. ಯುರೋಪಿನದ್ದು ಹೌದು ಎಂದಿತು, ಅಮೆರಿಕದ್ದು ಉಪಯೋಗವಿಲ್ಲ ಎಂದಿತು. ಯುರೋಪಿನಲ್ಲಿ ಹೋಲಿಸಿದ್ದು ಎಲ್ಲರಿಗೂ ಕೊಡುವ ಸಿದ್ಧ ಪ್ರಮಾಣದ ಜೊತೆ. ಅಮೆರಿಕದಲ್ಲಿ ಹೋಲಿಸಿದ್ದು ವಯಸ್ಸು, ತೂಕ, ಬೇರೆ ಔಷಧಿ ನೋಡಿ ಹಾಕಿದ ಲೆಕ್ಕದ ಜೊತೆ. ಎದುರಾಳಿ ಗಟ್ಟಿಯಾದಷ್ಟೂ ಗೆಲ್ಲುವುದು ಕಷ್ಟ.

ನನಗಂತೂ ಆ ಔಷಧಿ ತಗೊಂಡ ಮೇಲೆ ಕಡಿಮೆಯಾಯ್ತು. ಇದಕ್ಕಿಂತ ಸಾಕ್ಷಿ ಬೇಕಾ?

ಕಡಿಮೆಯಾದದ್ದು ಸಂತೋಷ. ಆದರೆ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿರಬಹುದಲ್ಲ?

ನಾವು ವೈದ್ಯರ ಹತ್ತಿರ ಹೋಗುವುದು ತೊಂದರೆ ತುಂಬಾ ಜೋರಾದ ದಿನ. ಬೆನ್ನುನೋವು, ತಲೆನೋವು, ಬಿಪಿ ಎಲ್ಲವೂ ಏರಿಳಿಯುತ್ತವೆ. ತೀರಾ ಏರಿದ ದಿನದ ಮರುವಾರ, ಏನೂ ಮಾಡದಿದ್ದರೂ ಸ್ವಲ್ಪ ಇಳಿದಿರುವುದೇ ಜಾಸ್ತಿ. ಸಂಖ್ಯಾಶಾಸ್ತ್ರಜ್ಞ ಸ್ಟೀಫನ್ ಸೆನ್ ವರ್ಷಗಳಿಂದ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತಿದ್ದಾರೆ. ಪ್ರಯೋಗದಲ್ಲಿ ಶೇ. 60 ಮಂದಿಗೆ ಗುಣವಾಯಿತು ಎಂದರೆ, ಆ 60 ಮಂದಿಗೆ ಸದಾ ಹಿಡಿಸುವ, ಉಳಿದ 40 ಮಂದಿಗೆ ಎಂದೂ ಹಿಡಿಸದ ಔಷಧಿ ಎಂದಾಗಬೇಕಿಲ್ಲ. ಎಲ್ಲರಿಗೂ 10ರಲ್ಲಿ 6 ಸಲ ಹಿಡಿಸುವ ಔಷಧಿಯೂ ಅದೇ ಸಂಖ್ಯೆ ಕೊಡುತ್ತದೆ. ಒಬ್ಬೊಬ್ಬರಿಗೆ ಒಂದೇ ಸಲ ಕೊಟ್ಟು ನೋಡಿದರೆ ಎರಡರಲ್ಲಿ ಯಾವುದೆಂದು ಬಿಡಿಸಲಾಗದು.

ಬಿಡಿಸುವ ದಾರಿ ಎಂದರೆ ಅದೇ ವ್ಯಕ್ತಿಗೆ ಔಷಧಿ ಮತ್ತು ಖಾಲಿ ಮಾತ್ರೆಯನ್ನು ಗೊತ್ತಾಗದಂತೆ ಮತ್ತೆ ಮತ್ತೆ ಬದಲಿಸಿ ಕೊಡುವುದು. 2020ರ ಸ್ಯಾಮ್ಸನ್ ಪ್ರಯೋಗದಲ್ಲಿ ಹೀಗೆ ಮಾಡಿದರು. ಮೈಕೈ ನೋವು ಮುಂತಾದ ಅಡ್ಡಪರಿಣಾಮವೆಂದು ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಬಿಟ್ಟಿದ್ದ 60 ಮಂದಿ. ಒಬ್ಬೊಬ್ಬರಿಗೂ 12 ತಿಂಗಳು: ನಾಲ್ಕು ತಿಂಗಳು ಸ್ಟ್ಯಾಟಿನ್, ನಾಲ್ಕು ತಿಂಗಳು ಖಾಲಿ ಮಾತ್ರೆ, ನಾಲ್ಕು ತಿಂಗಳು ಏನೂ ಇಲ್ಲ, ಕಲಸಿದ ಸರದಿಯಲ್ಲಿ. ಸ್ಟ್ಯಾಟಿನ್ ತಂದ ತೊಂದರೆಯ ಸುಮಾರು ಶೇ. 90 ಭಾಗವನ್ನು ಖಾಲಿ ಮಾತ್ರೆಯೂ ತಂದಿತ್ತು. ತಮ್ಮದೇ ಫಲಿತಾಂಶ ನೋಡಿದ ಮೇಲೆ ಅರ್ಧದಷ್ಟು ಮಂದಿ ಸ್ಟ್ಯಾಟಿನ್ನಿಗೆ ಮರಳಿದರು. ನೋವು ಸುಳ್ಳಾಗಿರಲಿಲ್ಲ, ಕಾರಣ ಮಾತ್ರ ಬೇರೆಯಾಗಿತ್ತು.

## ಇನ್ನೂ ಆಳಕ್ಕೆ

ಒಟ್ಟಾರೆ ಔಷಧಿ ಗೆಲ್ಲಲಿಲ್ಲ, ಆದ್ರೆ ಒಂದು ಗುಂಪಿಗೆ ಮಾತ್ರ ಚೆನ್ನಾಗಿ ಕೆಲಸ ಮಾಡಿದೆ ಅಂತ ಓದಿದೆ. ನಂಬಬಹುದಾ?

ನಂಬುವ ಮೊದಲು ರಾಶಿ ನೆನಪಿಸಿಕೊಳ್ಳಿ. ತಮಾಷೆಯಲ್ಲ. 1988ರ ಐಸಿಸ್-2 ಪ್ರಯೋಗದಲ್ಲಿ ಹೃದಯಾಘಾತವಾದ 17,187 ಮಂದಿಯಿದ್ದರು. ಆಸ್ಪಿರಿನ್ ಕೊಟ್ಟವರಲ್ಲಿ ಸಾವು ಸ್ಪಷ್ಟವಾಗಿ ಇಳಿಯಿತು. ಗುಂಪು ಒಡೆದು ನೋಡುವುದರ ಅಪಾಯ ತೋರಿಸಲೆಂದೇ ಸಂಶೋಧಕರು ರೋಗಿಗಳನ್ನು ಜನ್ಮರಾಶಿಯ ಪ್ರಕಾರ ಒಡೆದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ನಿಂದ ಲಾಭವೇ ಇಲ್ಲ, ತುಸು ಕೆಡುಕೇ ಎಂದು ಬಂತು! ಸಾಕಷ್ಟು ಗುಂಪು ಮಾಡಿದರೆ ಯಾವುದೋ ಒಂದರಲ್ಲಿ ಏನೋ ಒಂದು ಸಿಕ್ಕೇ ಸಿಗುತ್ತದೆ.

ಹಾಗಾಗಿ ನಾನು ನೋಡುವುದು: ಆ ಗುಂಪನ್ನು ಪ್ರಯೋಗ ಶುರುವಾಗುವ ಮೊದಲೇ ಹೆಸರಿಸಿದ್ದರೇ? ಎಷ್ಟು ಗುಂಪು ನೋಡಿದ್ದರು? ಗುಂಪುಗಳ ನಡುವಿನ ವ್ಯತ್ಯಾಸವನ್ನೇ ನೇರವಾಗಿ ಅಳೆದರೇ? ಇನ್ನೊಂದು ಪ್ರಯೋಗದಲ್ಲೂ ಅದೇ ಬಂತೇ?

ಎಐ ಎಕ್ಸ್‌-ರೇ ನೋಡಿ ವೈದ್ಯರಿಗಿಂತ ಚೆನ್ನಾಗಿ ಹೇಳುತ್ತಂತೆ. ಇನ್ನು ಈ ಲೆಕ್ಕಾಚಾರ ಎಲ್ಲ ಯಾಕೆ?

ಕೆಲವು ಕೆಲಸಗಳಲ್ಲಿ ಎಐ ನಿಜಕ್ಕೂ ಚೆನ್ನಾಗಿದೆ. ಆದರೆ ಮೇಲೆ ಹೇಳಿದ ಒಂದು ಗುಂಡಿಯನ್ನೂ ಅದು ದಾಟಿಲ್ಲ. ಹೊಸ ಗುಂಡಿಗಳು ಸೇರಿವೆ.

ಅದು ರೋಗವನ್ನು ಬಿಟ್ಟು ಸುತ್ತಲಿನದ್ದನ್ನು ಕಲಿಯಬಲ್ಲದು. 2018ರ ಅಧ್ಯಯನದಲ್ಲಿ ನ್ಯುಮೋನಿಯಾ ಹುಡುಕಲು ಕಲಿಸಿದ ಎಐ ಮಾದರಿ (ಕಂಪ್ಯೂಟರ್ ಪ್ರೋಗ್ರಾಂ), ಎಕ್ಸ್‌-ರೇ ಯಾವ ಆಸ್ಪತ್ರೆಯದ್ದು ಎಂದು ಬಹಳ ಚೆನ್ನಾಗಿ ಗುರುತಿಸುತ್ತಿತ್ತು. ಒಂದು ಆಸ್ಪತ್ರೆಯಲ್ಲಿ ನ್ಯುಮೋನಿಯಾ ಜಾಸ್ತಿ ಇದ್ದರೆ, ಆಸ್ಪತ್ರೆ ಗೊತ್ತಾದರೆ ಅರ್ಧ ಉತ್ತರ ಗೊತ್ತಾದಂತೆ. ಕೋವಿಡ್ ಕಾಲದಲ್ಲಿ ಕೆಲವರು ಕೋವಿಡ್ ಇಲ್ಲದ ಚಿತ್ರಗಳೆಂದು ಪುಟ್ಟ ಮಕ್ಕಳ ಎಕ್ಸ್‌-ರೇ ಬಳಸಿದ್ದರು. ಯಂತ್ರ ಕಲಿತದ್ದು ಮಗುವಿನ ಎದೆ ಯಾವುದು, ದೊಡ್ಡವರ ಎದೆ ಯಾವುದು ಎಂದಷ್ಟೇ ಇರಬಹುದು. ಅಂಥ ಕೋವಿಡ್ ಮಾದರಿಗಳನ್ನು ಜರಡಿ ಹಿಡಿದ 2021ರ ವಿಮರ್ಶೆಯೊಂದು 62 ಅಧ್ಯಯನಗಳನ್ನು ವಿವರವಾಗಿ ನೋಡಿತು. ರೋಗಿಗಳಿಗೆ ಬಳಸಲು ಯೋಗ್ಯವಾದದ್ದು ಒಂದೂ ಸಿಗಲಿಲ್ಲ.

ಒಂದು ಮಾದರಿಯ ಎಯುಸಿ 0.85 ಅಂತೆ. ಒಳ್ಳೆಯದೇ ತಾನೇ?

ಅರ್ಧ ಉತ್ತರ ಸಿಕ್ಕಿದೆ. ರೋಗ ಇರುವ ಒಬ್ಬರು, ಇಲ್ಲದ ಒಬ್ಬರು ಹೀಗೆ ಜೋಡಿ ಮಾಡಿ, ರೋಗ ಇರುವವರಿಗೆ ಮಾದರಿ ಹೆಚ್ಚು ಅಂಕ ಕೊಟ್ಟದ್ದು 100ಕ್ಕೆ 85 ಸಲ ಎಂದು ಅದರರ್ಥ. 0.5 ಆದರೆ ನಾಣ್ಯ ಚಿಮ್ಮಿದ ಹಾಗೆ.

ಸಾಲು ಸರಿಯಾಗಿ ನಿಲ್ಲಿಸಿದ ಮಾತ್ರಕ್ಕೆ ಸಂಖ್ಯೆ ಸರಿ ಎಂದಾಗುವುದಿಲ್ಲ. "ನಿಮಗೆ ಅಪಾಯ ಶೇ. 20" ಎಂದು 100 ಮಂದಿಗೆ ಹೇಳಿದರೆ, ಅವರಲ್ಲಿ ಸುಮಾರು 20 ಮಂದಿಗೆ ಅದು ಆಗಬೇಕು. 5 ಮಂದಿಗೆ ಆದರೂ, 40 ಮಂದಿಗೆ ಆದರೂ ಎಯುಸಿ ಹಾಗೇ ಇರಬಹುದು. ಆದರೆ ಆ ಸಂಖ್ಯೆ ನಂಬಿ ಶಸ್ತ್ರಚಿಕಿತ್ಸೆಗೆ ಒಪ್ಪಿದವರ ಗತಿ? ಈ ಹೊಂದಾಣಿಕೆಯನ್ನು ಕ್ಯಾಲಿಬ್ರೇಷನ್ ಎನ್ನುತ್ತಾರೆ.

ಎಯುಸಿಯನ್ನು ಎಲ್ಲಿ ಅಳೆದರು ಎಂಬುದೂ ಮುಖ್ಯ. ರಕ್ತಕ್ಕೆ ಸೋಂಕು ಏರುವುದನ್ನು ಮುನ್ನೆಚ್ಚರಿಸುವ, ಅಮೆರಿಕದ ಎಷ್ಟೋ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ ಸಾಫ್ಟ್‌ವೇರೊಂದನ್ನು ಹೊರಗಿನವರು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ಎಯುಸಿ 0.63. ಸೋಂಕೇರಿದವರಲ್ಲಿ ಮೂರರಲ್ಲಿ ಎರಡು ಪಾಲು ಮಂದಿಯನ್ನು ಅದು ಗುರುತಿಸಿರಲಿಲ್ಲ.

ಇಷ್ಟೊಂದು ಜನ ಪರಿಶೀಲನೆ ಮಾಡ್ತಾರಲ್ಲ, ದೊಡ್ಡ ತಪ್ಪು ಹೇಗೆ ನುಸುಳುತ್ತೆ?

ಒಂದು ಸಾಲು ಕೆಳಗೆ ಜಾರಿದರೆ ಸಾಕು. 2006ರಲ್ಲಿ ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯವೊಂದರಿಂದ, ಗಡ್ಡೆಯ ಜೀನ್ ಚಿತ್ತಾರ ನೋಡಿ ಯಾವ ಕೀಮೋ ಹಿಡಿಸುತ್ತದೆ ಎಂದು ಹೇಳುವ ಸಂಶೋಧನೆ ಬಂತು. ಮೇಲೆ ಹೇಳಿದ ಬ್ಯಾಗರ್ಲಿಯವರೇ, ಕೆವಿನ್ ಕೂಂಬ್ಸ್ ಜೊತೆ ಸೇರಿ ಅದನ್ನು ಮರಳಿ ಮಾಡಲು ಹೊರಟರು. ಲೆಕ್ಕ ಕೂಡಲೇ ಇಲ್ಲ. ಅಗೆದಾಗ ಸಿಕ್ಕಿದ್ದು: ಜೀನ್‌ಗಳ ಪಟ್ಟಿ ಒಂದು ಸಾಲು ಸರಿದಿತ್ತು. ಕೆಲವು ಕಡೆ "ಹಿಡಿಸುತ್ತದೆ" ಮತ್ತು "ಹಿಡಿಸುವುದಿಲ್ಲ" ಎಂಬ ಚೀಟಿಗಳೇ ಅದಲು ಬದಲಾಗಿದ್ದವು. ಅಷ್ಟರಲ್ಲಿ ಅದರ ಆಧಾರದ ಮೇಲೆ ನಿಜವಾದ ರೋಗಿಗಳಿಗೆ ಕೀಮೋ ಆರಿಸುವ ಪ್ರಯೋಗಗಳು ನಡೆಯುತ್ತಿದ್ದವು. ಅವು 2010ರಲ್ಲಿ ನಿಂತವು, 2011ರಲ್ಲಿ ಆ ಲೇಖನವನ್ನು ಹಿಂಪಡೆದರು. ಪ್ರಕಟಣೆಗೆ ಮೊದಲು ಪರಿಶೀಲಿಸುವವರು ಓದುವುದು ಲೇಖನವನ್ನು. ಮೂಲ ದತ್ತಾಂಶ ಮತ್ತು ಲೆಕ್ಕದ ಕೋಡ್ ಅವರ ಕೈಗೆ ಬರುವುದೇ ಅಪರೂಪ.

ಇಂಥ ಒಂದು ಪ್ರಯೋಗಕ್ಕೆ ಸೇರಿ ಅಂತ ನಮ್ಮ ಡಾಕ್ಟರ್ ಕೇಳಿದ್ದಾರೆ. ನಾನು ಅವರನ್ನ ಏನು ಕೇಳಲಿ?

ಟೆಸ್ಟಿನ ಫಲಿತಾಂಶ ನನಗೆ ಹೇಳುತ್ತೀರಾ, ಅದರಿಂದ ನನ್ನ ಚಿಕಿತ್ಸೆ ಬದಲಾಗುತ್ತದೆಯೇ? ಸುಮಾರು ಅಧ್ಯಯನಗಳಲ್ಲಿ ಎರಡಕ್ಕೂ ಉತ್ತರ "ಇಲ್ಲ", ಅದು ಮೊದಲೇ ಗೊತ್ತಿದ್ದರೆ ಒಳ್ಳೆಯದು. ಹೆಚ್ಚುವರಿ ಬಯಾಪ್ಸಿ, ಸ್ಕ್ಯಾನ್ ಎಷ್ಟು? ನನ್ನ ರಕ್ತ, ಗಡ್ಡೆಯ ಚೂರು, ಜೀನ್ ಮಾಹಿತಿಯನ್ನು ಎಷ್ಟು ವರ್ಷ ಇಡುತ್ತೀರಿ, ಬೇರೆಯವರಿಗೆ ಕೊಡುತ್ತೀರಾ? ಅನಿರೀಕ್ಷಿತವಾಗಿ ಬೇರೆ ಕಾಯಿಲೆಯ ಸುಳಿವು ಸಿಕ್ಕರೆ ತಿಳಿಸುತ್ತೀರಾ? ಮನೆಯವರಿಗೂ ಸಂಬಂಧಿಸಿದ ಜೀನ್ ಸಿಕ್ಕರೆ? ನಡುವೆ ಬಿಟ್ಟರೆ ಮಾಮೂಲಿ ಚಿಕಿತ್ಸೆಗೆ ತೊಂದರೆ ಆಗಬಾರದು, ಅದು ನಿಮ್ಮ ಹಕ್ಕು. ಒಪ್ಪಿಗೆ ಪತ್ರವನ್ನು ಮನೆಗೆ ಒಯ್ದು ಓದಿ. ಅಲ್ಲೇ ಸಹಿ ಹಾಕಿ ಎಂದು ಅವಸರ ಮಾಡಿದರೆ, ಅವಸರ ಯಾಕೆ ಎಂದೂ ಕೇಳಿ.

ನೀವು ಇಂಥ ಪೇಪರ್ ಕೈಗೆ ಬಂದಾಗ ಮೊದಲು ಏನು ನೋಡ್ತೀರಿ?

ಸಾರಾಂಶವನ್ನಲ್ಲ. ಒಳಗೆ ಬಾಣಗಳಿರುವ ಒಂದು ಚಿತ್ರ ಇರುತ್ತದೆ: ಎಷ್ಟು ಮಂದಿ ಬಂದರು, ಎಷ್ಟು ಮಂದಿಯನ್ನು ಯಾಕೆ ಬಿಟ್ಟರು, ಕೊನೆಗೆ ಲೆಕ್ಕಕ್ಕೆ ಉಳಿದವರು ಎಷ್ಟು. 900 ಮಂದಿ ಬಂದು 140 ಮಂದಿ ಉಳಿದಿದ್ದರೆ, ಆ 760 ಮಂದಿ ಎಲ್ಲಿ ಹೋದರು ಎಂದು ಹುಡುಕಲು ಶುರುಮಾಡುತ್ತೇನೆ. ಆ ಚಿತ್ರವೇ ಇಲ್ಲದಿದ್ದರೆ ಟೀ ಆರುವ ಮೊದಲೇ ಓದು ಮುಗಿದಿರುತ್ತದೆ.